ಕಬ್ಬಿಣದ ಬಾಲ್ಕನಿಗೆ ಬೀಳ್ಕೊಡುಗೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಝೆನೋವಿಯಾ ಬಿಲಿಕ್ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಅಗ್ನಿಶಾಮಕ ದಳದ ನಿವೃತ್ತ ಕ್ಯಾಪ್ಟನ್ ಮಲಾಕಿ ಟಿಯರ್ನನ್ ಅವರೇ, ನಮ್ಮ ಬೀದಿಯ ಹನ್ನೆರಡು ಮತ್ತು ಹದಿನಾಲ್ಕನೇ ನಂಬರಿನ ಕಟ್ಟಡಗಳ ಸಮಸ್ತ ನಿವಾಸಿಗಳೇ, ಸಭೆಗೆಂದೇ ಬಂದವರೇ, ಸಭೆಯ ನಂತರದ ತಿಂಡಿಗೆಂದು ಬಂದವರೇ, ಎಲ್ಲ ಸಭಿಕರೇ,

ನನ್ನ ಹೆಸರು ತೆಯೋಫಿಲ್ ಹ್ರಿಂಕಿವ್. ಹನ್ನೆರಡನೇ ನಂಬರಿನ ಐದನೇ ಮಹಡಿಯಲ್ಲಿ, ಹಿಂಬದಿಯ ಮನೆಯಲ್ಲಿ ಇದ್ದೇನೆ. ನಿಮ್ಮಲ್ಲಿ ಹೆಚ್ಚಿನವರಿಗೆ ನನ್ನ ಪರಿಚಯ ಇದೆ. ಪರಿಚಯ ಇಲ್ಲದವರಿಗೆ ನನ್ನ ಬಗ್ಗೆ ದೂರು ಕೇಳಿ ಗೊತ್ತಿದೆ.

ನಾನು ನನ್ನ ಆಯುಷ್ಯದಲ್ಲಿ ಬೇಕಾದಷ್ಟು ಬೀಳ್ಕೊಡುಗೆ ಸಭೆಗಳನ್ನು ನೋಡಿದ್ದೇನೆ. ಗುಮಾಸ್ತರಿಗೆ, ಪಾದ್ರಿಗಳಿಗೆ, ಒಮ್ಮೆ ನನಗೂ. ಆದರೆ ಕಬ್ಬಿಣಕ್ಕೆ ಬೀಳ್ಕೊಡುಗೆ ಕೊಡುವುದನ್ನು ಇದೇ ಮೊದಲ ಸಲ ನೋಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೆಲಸದವರು ಬಂದು ನಮ್ಮ ಎರಡೂ ಕಟ್ಟಡಗಳ ಹಿಂದಿನ ಕಬ್ಬಿಣದ ಬಾಲ್ಕನಿಗಳನ್ನು ಕತ್ತರಿಸಿ ಕೆಳಗಿಳಿಸುತ್ತಾರೆ. ಅದಕ್ಕೆ ಮುಂಚೆ ನಾಲ್ಕು ಒಳ್ಳೆಯ ಮಾತು ಆಡಿ ಕಳಿಸೋಣ ಎಂದು ನಮ್ಮ ಸಂಘ ತೀರ್ಮಾನಿಸಿತು. ಮಾತಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಅಧ್ಯಕ್ಷರು ಮಾತ್ರ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, “ತೆಯೋಫಿಲ್, ಚಿಕ್ಕದಾಗಿ ಮುಗಿಸಿ. ಕಾನೂನು ಹೇಳಿ ಹೇಳಿ ಜನಾನ ಮಲಗಿಸ್ಬೇಡಿ. ಈ ಕುರ್ಚಿಗಳು ಮಲಗೋಕೆ ಚೆನ್ನಾಗಿಲ್ಲ.”

ಅಧ್ಯಕ್ಷರ ಅಪ್ಪಣೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಕಾನೂನಿನಿಂದ ಶುರು ಮಾಡುತ್ತೇನೆ. ಬೇರೆ ದಾರಿ ಇಲ್ಲ. ನಿವೃತ್ತನಾಗುವವರೆಗೆ ನಾನು ನಗರದ ಕಟ್ಟಡ ಇಲಾಖೆಯಲ್ಲಿ ನಕ್ಷೆ ಪರಿಶೀಲಕನಾಗಿದ್ದೆ. ಕಟ್ಟುವವರು ನಕ್ಷೆ ತಂದು ಮೇಜಿನ ಮೇಲೆ ಹರಡುತ್ತಿದ್ದರು. ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಬೆಂಕಿ ಬಿದ್ದರೆ ಇಲ್ಲಿರುವವರು ಹೊರಗೆ ಹೋಗುವುದು ಹೇಗೆ? ಕೆಲವರು ಉತ್ತರ ಕೊಡುತ್ತಿದ್ದರು. ಹಲವರು ನನ್ನ ಕಡೆ ನೋಡುತ್ತಿದ್ದ ರೀತಿ ನೋಡಿದರೆ, ಬೆಂಕಿ ಬಿದ್ದಾಗ ನಾನು ಒಳಗೇ ಇರಲಿ ಎಂದು ಅವರು ಹಾರೈಸುತ್ತಿದ್ದಂತೆ ಕಾಣುತ್ತಿತ್ತು.

ಮಹನೀಯರೇ, ಈ ನ್ಯೂಯಾರ್ಕ್ ನಗರ ಹೀಗೇಕೆ ಕಾಣುತ್ತದೆ? ಯಾರು ಇದಕ್ಕೆ ಈ ರೂಪ ಕೊಟ್ಟವರು? ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು ಎಂದು ಶಾಲೆಯ ಮಕ್ಕಳು ಉತ್ತರ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ನನ್ನನ್ನು ಕೇಳಿದರೆ, ನಗರವನ್ನು ರೂಪಿಸಿದ್ದು ಬೆಂಕಿ. ಬೆಂಕಿ ಬಂದು ಒಂದು ತಪ್ಪನ್ನು ತೋರಿಸಿ ಹೋಗುತ್ತಿತ್ತು. ಸುಟ್ಟವರನ್ನು ಮಣ್ಣು ಮಾಡಿ ಬಂದು ಜನ ಒಂದು ಕಾನೂನು ಬರೆಯುತ್ತಿದ್ದರು. ಮರದ ಮನೆಗಳು ಸಾಲು ಸಾಲಾಗಿ ಸುಟ್ಟವು, ಮರದ ಮನೆ ಕಟ್ಟಬಾರದೆಂಬ ಕಾನೂನು ಬಂತು. ಅದಕ್ಕೇ ನಮ್ಮ ಬೀದಿ ಇಟ್ಟಿಗೆಯದು. ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹಬ್ಬಿತು, ನಡುವೆ ದಪ್ಪ ಗೋಡೆ ಇರಬೇಕು, ಅದು ಮಾಳಿಗೆಯನ್ನೂ ದಾಟಿ ಮೇಲೇಳಬೇಕು ಎಂಬ ಕಾನೂನು ಬಂತು. ಆರು ಮಹಡಿಗಿಂತ ಎತ್ತರದ ವಠಾರ ಕಟ್ಟುವುದಾದರೆ ಪೂರ್ತಿ ಬೆಂಕಿಗೆ ಜಗ್ಗದ ಸಾಮಾನಿನಲ್ಲೇ ಕಟ್ಟಬೇಕು ಎಂದಿತು ಇನ್ನೊಂದು ಕಾನೂನು. ಅದಕ್ಕೆ ತಗಲುವ ಖರ್ಚು ಕೇಳಿ ಕಟ್ಟುವವರೆಲ್ಲ ಆರನೇ ಮಹಡಿಗೆ ಬಂದು ನಿಂತುಬಿಟ್ಟರು. ನಮ್ಮ ಬಡಾವಣೆಯ ಮಾಳಿಗೆಗಳೆಲ್ಲ ಸಾಲಾಗಿ ಒಂದೇ ಎತ್ತರಕ್ಕಿರುವುದು ಯಾರದೋ ಸೌಂದರ್ಯಪ್ರಜ್ಞೆಯಿಂದಲ್ಲ, ಜಿಪುಣತನದಿಂದ.

ಈ ಸಭಾಂಗಣವನ್ನೇ ನೋಡಿ. ನೀವೆಲ್ಲ ಬಂದಿರಲ್ಲ, ಆ ಹಿಂದಿನ ಬಾಗಿಲು. ಅದು ಹೊರಕ್ಕೆ ತೆರೆದುಕೊಳ್ಳುತ್ತದೆ. ಒಳಗಿನಿಂದ ಅಡ್ಡಪಟ್ಟಿಯನ್ನು ತಳ್ಳಿದರೆ ಸಾಕು. ಬೀಗ ಬೇಡ, ಚಿಲಕ ಬೇಡ, ಯಾರ ಅಪ್ಪಣೆಯೂ ಬೇಡ. ಅದು ಹಾಗೆ ಇರುವುದು ಏಕೆ? ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿತ್ತು. ಬಾಗಿಲಿಗೆ ಬೀಗ ಹಾಕಿತ್ತು. ಒಳಗಿದ್ದವರು ಹೆಚ್ಚಾಗಿ ಹುಡುಗಿಯರು. ಅವರು ಹೊರಗೆ ಬರಲಾಗದೆ ಸತ್ತ ಮೇಲೆ ಬಾಗಿಲಿನ ಈ ಕಾನೂನು ಬಂತು. ಈಗ ನಾವು ಹಾಡಿಗೆಂದು, ಕುಣಿತಕ್ಕೆಂದು, ಉಚಿತ ಕಾಫಿಗೆಂದು ಇಂಥ ಬಾಗಿಲುಗಳನ್ನು ತಳ್ಳಿಕೊಂಡು ಓಡಾಡುತ್ತೇವೆ. ಆ ಹುಡುಗಿಯರು ನಮಗೆ ತೆರೆದುಕೊಟ್ಟ ಬಾಗಿಲು ಅದು. ನಾನು ಆ ಅಡ್ಡಪಟ್ಟಿಯನ್ನು ಮುಟ್ಟುವಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತೇನೆ. ಹಿಂದಿನವರು ಬೈಯುತ್ತಾರೆ. ಬೈಯಲಿ.

ಇರಲಿ. ಇವತ್ತಿನ ಸನ್ಮಾನಿತರ ವಿಷಯಕ್ಕೆ ಬರುತ್ತೇನೆ.

ಹಳೆಯ ವಠಾರಗಳಲ್ಲಿ ಒಂದೇ ಮರದ ಮೆಟ್ಟಿಲು. ಕೆಳಗೆ ಬೆಂಕಿ ಹತ್ತಿದರೆ ಮೊದಲು ಉರಿಯುತ್ತಿದ್ದುದೇ ಅದು. ಮೇಲಿನವರು ಮೇಲೇ ಉಳಿಯುತ್ತಿದ್ದರು. ಹಾಗೆ ತುಂಬ ಜನ ಹೋದ ಮೇಲೆ ಕಾನೂನು ಹೇಳಿತು: ಹೊರಗೆ ಹೋಗಲು ಎರಡನೆಯ ದಾರಿ ಕೊಡಿ. ಕಟ್ಟಡದ ಮೈಗೆ ಕಬ್ಬಿಣ ಬಂದದ್ದು ಹಾಗೆ. ಬೀದಿ ಬೀದಿಯಲ್ಲಿ ಮೆಟ್ಟಿಲು, ಏಣಿ, ಕಟಾಂಜನ. ಈಗ ಜನ ದೂರದೂರದಿಂದ ಬಂದು ಅವುಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಆದರೆ ನಮ್ಮ ಎರಡು ಕಟ್ಟಡಗಳನ್ನು ಕಟ್ಟಿಸಿದ ಪುಣ್ಯಾತ್ಮನಿಗೆ ಮೆಟ್ಟಿಲಿಗೆ ಕಾಸು ಬಿಚ್ಚಲು ಮನಸ್ಸಿರಲಿಲ್ಲ. ಆತ ಕಾನೂನಿನ ಪುಸ್ತಕ ತಿರುವಿ ಒಂದು ಸಂದು ಹುಡುಕಿದ. ಪಕ್ಕಪಕ್ಕದ ಎರಡು ಕಟ್ಟಡಗಳ ನಡುವೆ ದಪ್ಪ ಗೋಡೆ ಇದ್ದರೆ, ಹೊರಗಡೆ ಆ ಗೋಡೆಯ ಅಂಚನ್ನು ದಾಟುವ ಹಾಗೆ ಮಹಡಿಗೊಂದು ಬಾಲ್ಕನಿ ಹಾಕಿದರೂ ನಡೆಯುತ್ತದೆ. ಈ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಕಿಟಕಿಯಿಂದ ಬಾಲ್ಕನಿಗೆ ಇಳಿಯುವುದು, ಎರಡು ಹೆಜ್ಜೆ ನಡೆಯುವುದು, ಆ ಕಟ್ಟಡದವರ ಕಿಟಕಿಯಿಂದ ಒಳಗೆ ಹೋಗುವುದು. ಅಲ್ಲಿ ಬೆಂಕಿ ಬಿದ್ದರೆ ಅವರು ಇಲ್ಲಿಗೆ. ಒಂದೇ ಕಬ್ಬಿಣ, ಎರಡು ಕಟ್ಟಡಕ್ಕೂ ಎರಡನೆಯ ದಾರಿ. ಅವನ ನಕ್ಷೆ ನನ್ನ ಮೇಜಿಗೆ ಬಂದಿದ್ದರೆ ನಾನು ಮುಖ ಗಂಟು ಹಾಕಿಕೊಂಡಾದರೂ ಮುದ್ರೆ ಒತ್ತಲೇಬೇಕಾಗಿತ್ತು.

ಇದರ ಫಲ ಏನಾಯಿತು ಯೋಚಿಸಿ. ಹನ್ನೆರಡನೇ ನಂಬರಿನಲ್ಲಿ ನಾವು ಉಕ್ರೇನಿನವರು ತುಂಬಿಕೊಂಡೆವು. ಹದಿನಾಲ್ಕರಲ್ಲಿ ಪೋರ್ಟೊರಿಕೊದವರು. ನಮ್ಮ ಚರ್ಚು ಬೇರೆ, ಅವರದು ಬೇರೆ. ನಮ್ಮ ಹಬ್ಬ ಬೇರೆ, ಅವರ ಹಬ್ಬ ಬೇರೆ, ಎರಡರ ಗದ್ದಲ ಮಾತ್ರ ಒಂದೇ. ಬೀದಿಯಲ್ಲಿ ಎದುರಾದರೆ ಮುಖ ನೋಡುತ್ತಿರಲಿಲ್ಲ. ನಡುವೆ ಕಾನೂನೇ ಕಟ್ಟಿಸಿದ ದಪ್ಪ ಗೋಡೆ. ಹಿಂದುಗಡೆ ನೋಡಿದರೆ ಅದೇ ಕಾನೂನು ಅವರ ಅಡುಗೆಮನೆಯನ್ನೂ ನಮ್ಮ ಅಡುಗೆಮನೆಯನ್ನೂ ಒಂದೇ ಬಾಲ್ಕನಿಗೆ ತಂದು ಕೂರಿಸಿತ್ತು. ಬೆಂಕಿಗೆ ಗೋಡೆ ಇರಲಿ, ಮನುಷ್ಯರಿಗೆ ದಾರಿ ಇರಲಿ ಎಂದು ಬರೆದವರು ಯಾರೋ ನನಗೆ ಗೊತ್ತಿಲ್ಲ. ಅವರ ಕೈಗೆ ನಾನು ಮುತ್ತು ಕೊಡುತ್ತಿದ್ದೆ.

ಬಾಲ್ಕನಿಯ ಕಂಬಿಗೆ ಎರಕದ ಒಂದು ಫಲಕ ಇದೆ, ನೀವೆಲ್ಲ ಓದಿದ್ದೀರಿ. ಈ ಬಾಲ್ಕನಿಯ ಮೇಲೆ ಅಡ್ಡಿಯಾಗುವಂಥ ಏನನ್ನಾದರೂ ಇಟ್ಟವರಿಗೆ ಹತ್ತು ಡಾಲರ್ ದಂಡ. ಆ ಫಲಕ ಕಾಣದ ಹಾಗೆ ಅದರ ಮೇಲೆ ಮೊದಲು ರಗ್ಗು ಒಣಗಹಾಕಿದವರು ನಮ್ಮ ತಾಯಿ.

ನಮ್ಮ ಅಮ್ಮ ಪರಸ್ಕೇವಾ ಅವರನ್ನು ನೆನೆಯುವ ಹಿರಿಯರು ಇಲ್ಲಿ ಇದ್ದಾರೆ. ಬಾಲ್ಕನಿಯಲ್ಲಿ ಸೌತೆಕಾಯಿ ಉಪ್ಪಿನಲ್ಲಿ ಹಾಕಿಟ್ಟ ಪೀಪಾಯಿ, ಚಳಿಗಾಲದಲ್ಲಿ ಹಾಲು, ಬೇಸಿಗೆಯಲ್ಲಿ ಹಾಸಿಗೆ, ಸಬ್ಬಸಿಗೆ ಬೆಳೆದ ಕುಂಡ. ಮಗ ಕಟ್ಟಡ ಇಲಾಖೆಯಲ್ಲಿ, ತಾಯಿ ಇಲಾಖೆಯ ಕಣ್ಣಿಗೆ ಮಣ್ಣೆರಚುವುದರಲ್ಲಿ. ನಾನು ದಿನಾ ಹೇಳುತ್ತಿದ್ದೆ. ಅವರು ದಿನಾ ಹೇಳುತ್ತಿದ್ದರು, “ಕಾನೂನನ್ನ ನಿನ್ನ ಆಫೀಸಿನಲ್ಲಿ ಇಟ್ಕೋ ಮಗಾ. ಸೌತೆಕಾಯಿ ಎಲ್ಲಿಡಬೇಕು ಅಂತ ನಂಗೆ ಗೊತ್ತು.”

ನಮ್ಮ ಬೀದಿಯ ಪದ್ಧತಿ ನಿಮಗೆ ನೆನಪಿದೆಯಲ್ಲವೇ? ಅಗ್ನಿಶಾಮಕ ದಳದವರು ತಪಾಸಣೆಗೆ ಬೀದಿಯ ಮೂಲೆಗೆ ಬಂದರು ಎಂದರೆ, ಕೆಳಗಿನ ಮನೆಯವರು ಬಿಸಿನೀರಿನ ಕೊಳವೆಗೆ ಸೌಟಿನಿಂದ ಬಡಿಯುತ್ತಿದ್ದರು. ಆ ಸದ್ದು ಆರನೇ ಮಹಡಿಯವರೆಗೆ ಏರುತ್ತಿತ್ತು. ಹನ್ನೆರಡು, ಹದಿನಾಲ್ಕು ಎರಡರಲ್ಲೂ ಕಿಟಕಿಗಳು ಪಟಪಟನೆ ತೆರೆದು, ಕುಂಡ, ಕುರ್ಚಿ, ಹಾಸಿಗೆ, ಒಮ್ಮೆ ಒಂದು ಬದುಕಿದ್ದ ಕೋಳಿ, ಎಲ್ಲ ಮಾಯವಾಗುತ್ತಿದ್ದವು. ಆತುರದಲ್ಲಿ ಯಾರ ಸಾಮಾನು ಯಾರ ಕಿಟಕಿಗೆ ಹೋಯಿತು ಎಂದು ಯಾರು ನೋಡುತ್ತಾರೆ? ಸಂಜೆ ಬಾಗಿಲು ಬಾಗಿಲಿಗೆ ಹೋಗಿ ವಾಪಸು ತಂದುಕೊಳ್ಳುವುದು ಇನ್ನೊಂದು ಪದ್ಧತಿ.

ನಮ್ಮ ಮುಖ್ಯ ಅತಿಥಿಗಳು ಆಗ ಹೊಸದಾಗಿ ಕೆಲಸಕ್ಕೆ ಸೇರಿದ ತರುಣ. ಒಮ್ಮೆ ತಪಾಸಣೆಗೆ ಬಂದರು. ಅಮ್ಮ ಪೀಪಾಯಿಯನ್ನು ನಮ್ಮ ಕಿಟಕಿಗೆ ಎಳೆದರು, ಅದು ಹಿಡಿಸಲಿಲ್ಲ. ಪಕ್ಕದ ಮನೆಯ ಕಿಟಕಿ ದೊಡ್ಡದು. ತಳ್ಳಿಯೇ ಬಿಟ್ಟರು. ಕ್ಯಾಪ್ಟನ್ ಆ ಮನೆಗೆ ಹೋದಾಗ ಅಡುಗೆಮನೆಯ ನಡುವೆ ಪೀಪಾಯಿ. ಗಂಡನನ್ನು ಕಳೆದುಕೊಂಡು ಹೊಸದಾಗಿ ಬಾಡಿಗೆಗೆ ಬಂದ ಆ ಮನೆಯಾಕೆಗೆ ಅದರಲ್ಲಿ ಏನಿದೆ ಎಂದೂ ಗೊತ್ತಿಲ್ಲ. ಆಕೆ ಕಣ್ಣು ಕೂಡ ಮಿಟುಕಿಸದೆ ಒಂದು ಸೌತೆಕಾಯಿ ತೆಗೆದು ಕ್ಯಾಪ್ಟನ್ ಕೈಗೆ ಕೊಟ್ಟು ಹೇಳಿದರಂತೆ, “ನಮ್ಮೂರಿಂದು. ತಿನ್ನಿ.” ಪೋರ್ಟೊರಿಕೊದಲ್ಲಿ ಯಾವ ಊರಿನಲ್ಲಿ ಸಬ್ಬಸಿಗೆ ಹಾಕಿ ಸೌತೆಕಾಯಿಗೆ ಉಪ್ಪು ಹಾಕುತ್ತಾರೋ ದೇವರೇ ಬಲ್ಲ. ಕ್ಯಾಪ್ಟನ್ ನಗುತ್ತಿದ್ದಾರೆ. ಎರಡು ತಿಂದರು ಎಂದು ಕೇಳಿದ್ದೇನೆ.

ಆ ಮನೆಯಾಕೆ ಶ್ರೀಮತಿ ಮಿಗ್ದಾಲಿಯಾ ಕೊತ್ತೊ. ಮೂರನೇ ಸಾಲಿನಲ್ಲಿ, ಹಸಿರು ಶಾಲು ಹೊದ್ದು ಕೂತಿದ್ದಾರೆ. ಎಲ್ಲರೂ ಹಿಂತಿರುಗಿ ನೋಡುವ ಅಗತ್ಯ ಇರಲಿಲ್ಲ.

ಪೀಪಾಯಿಯ ವಿಷಯ ಸಂಜೆ ನನಗೆ ತಿಳಿಯಿತು. ಕೃತಜ್ಞತೆ ಹೇಳಬೇಕು ಎಂದು ಕಿಟಕಿ ತೆಗೆದೆ. ಬಾಲ್ಕನಿಯ ಅವರ ಬದಿಯಲ್ಲಿ ಕೊತ್ತಂಬರಿಯಂಥ ಏನೋ ಸೊಪ್ಪು ಬೆಳೆಸಿದ ಡಬ್ಬ ಇತ್ತು. ನನ್ನ ಬಾಯಿಯಿಂದ ಕೃತಜ್ಞತೆಯ ಬದಲು ಬಂದ ಮಾತು ಏನು ಗೊತ್ತೇ? “ಅಮ್ಮಾ, ಅದು ತುರ್ತು ನಿರ್ಗಮನದ ದಾರಿ. ಅಲ್ಲಿ ಡಬ್ಬ ಇಡುವ ಹಾಗಿಲ್ಲ.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವೇನಾ ಪಕ್ಕದ ಮನೆ ಕಾನೂನು ಸಾಹೇಬ್ರು? ನಿಮ್ಮಮ್ಮನ ಪೀಪಾಯಿ ನನ್ನ ಒಲೆ ಮುಂದೆ ಕೂತಿದೆ. ಅಡಿಗೆ ಮಾಡೋಕೆ ನಂಗೆ ದಾರಿ ಇಲ್ಲ. ಅದಕ್ಕೆ ಯಾವ ಕಾನೂನು ಹೇಳಿ.”

ಇಲಾಖೆಯಲ್ಲಿ ಯಾರೂ ನನ್ನ ಬಾಯಿಯನ್ನು ಹಾಗೆ ಮುಚ್ಚಿಸಿರಲಿಲ್ಲ. ಪೀಪಾಯಿ ವಾಪಸು ಬಂತು. ಡಬ್ಬವೂ ಒಳಗೆ ಹೋಯಿತು, ಆದರೆ ಮರುದಿನ ಮತ್ತೆ ಹೊರಗೆ ಬಂತು. ಮತ್ತೆ ನಾನು ಹೇಳಿದೆ. ಮತ್ತೆ ಅವರು ಹೇಳಿದರು. ಹೀಗೆ ಒಂದು ವಾದ ಹುಟ್ಟಿಕೊಂಡಿತು. ನಿಜ ಹೇಳಬೇಕೆಂದರೆ, ಡಬ್ಬ ಒಳಗಿದ್ದ ದಿನ ನನಗೆ ಏನೋ ಕಳೆದುಹೋದ ಹಾಗೆ ಆಗುತ್ತಿತ್ತು. ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಮುಂದೆ ಹೋಗೋಣ.

ಅಮ್ಮನಿಗೂ ಅವರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಇಬ್ಬರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಅಮ್ಮ ಆಲೂಗಡ್ಡೆ ತುಂಬಿದ ವರೆನಿಕಿ ಕಡುಬು ಕಟಾಂಜನದ ಮೇಲಿಂದ ದಾಟಿಸುತ್ತಿದ್ದರು, ಆ ಕಡೆಯಿಂದ ಬಾಳೆಎಲೆಯಲ್ಲಿ ಕಟ್ಟಿದ ಕಡುಬು ಬರುತ್ತಿತ್ತು. ಇಬ್ಬರೂ ಕಿಟಕಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಮ್ಮ ಉಕ್ರೇನಿನ ಭಾಷೆಯಲ್ಲಿ ನನ್ನನ್ನು ದೂರುತ್ತಿದ್ದರು. ಅವರು ಸ್ಪ್ಯಾನಿಷ್‌ನಲ್ಲಿ ಒಪ್ಪುತ್ತಿದ್ದರು. ಅದು ಮಾತ್ರ ನನಗೆ ಎರಡೂ ಭಾಷೆಯಲ್ಲಿ ಅರ್ಥವಾಗುತ್ತಿತ್ತು.

ಈಗ ಆ ದಿನದ ಮಾತು. ಹನ್ನೆರಡನೇ ನಂಬರಿನ ಕೆಳಮಹಡಿಯ ಬಾಯ್ಲರ್ ಕೋಣೆಯಲ್ಲಿ ಬೆಂಕಿ ಹತ್ತಿದ ದಿನ. ಮಧ್ಯಾಹ್ನ, ಹೊರಗೆ ಹಿಮ. ಮೆಟ್ಟಿಲಿನ ತುಂಬ ಹೊಗೆ. ಕಾನೂನು ಬರೆದವರು ಯಾವ ದಿನಕ್ಕೆಂದು ಬರೆದಿದ್ದರೋ ಆ ದಿನ ಬಂದಿತ್ತು. ನಮ್ಮ ಕಟ್ಟಡದ ಜನ ಕಿಟಕಿಯಿಂದ ಬಾಲ್ಕನಿಗೆ ಇಳಿದರು. ಮಹಡಿ ಮಹಡಿಯಲ್ಲೂ ಹದಿನಾಲ್ಕನೇ ನಂಬರಿನ ಕಿಟಕಿಗಳು ತೆರೆದವು. ಐದನೇ ಮಹಡಿಯಲ್ಲಿ ಶ್ರೀಮತಿ ಕೊತ್ತೊ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಮೊದಲು ಅಮ್ಮನನ್ನು ಎತ್ತಿಕೊಂಡರು. ಆಮೇಲೆ ಬಿಲಿಕ್ ಅವರ ಕುಟುಂಬ, ಆಮೇಲೆ ಆರನೇ ಮಹಡಿಯಿಂದ ಗಾಬರಿಯಲ್ಲಿ ತಮ್ಮ ಬಾಲ್ಕನಿಯನ್ನೇ ಮರೆತು ಕೆಳಗಿಳಿದು ಬಂದವರು. ಎಲ್ಲರೂ ಅವರ ಅಡುಗೆಮನೆಯಲ್ಲಿ. ಯಾರಿಗೂ ಒಂದು ಗಾಯವಾಗಲಿಲ್ಲ. ಬೆಂಕಿ ಆರುವ ಹೊತ್ತಿಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಅನ್ನ ಮತ್ತು ಕಾಳು ಬೇಯುತ್ತಿತ್ತಂತೆ. ಅಧ್ಯಕ್ಷರೇ, ನೀವು ಆ ಅನ್ನ ತಿಂದವರು. ನೀವು ಇವತ್ತಿಗೂ ಅದರ ರುಚಿ ಹೇಳುತ್ತೀರಿ. ಅವತ್ತಿನಿಂದ ಈ ಎರಡು ಕಟ್ಟಡಗಳು ಒಂದು ಊರಾದವು. ನಿಮ್ಮ ಮಗಳು ಹದಿನಾಲ್ಕನೇ ನಂಬರಿನ ಹುಡುಗನನ್ನು ಮೊದಲು ನೋಡಿದ್ದು ಆ ಅಡುಗೆಮನೆಯಲ್ಲಿ. ನಮ್ಮ ಸಂಘ ಹುಟ್ಟಿದ್ದು ಆ ಅಡುಗೆಮನೆಯಲ್ಲಿ.

ನಾನೊಬ್ಬ ಅಲ್ಲಿರಲಿಲ್ಲ. ನಾನು ಆಫೀಸಿನಲ್ಲಿದ್ದೆ. ಯಾವುದೋ ಬೇಕರಿಯವನ ನಕ್ಷೆ ನೋಡುತ್ತ, ಬೆಂಕಿ ಬಿದ್ದರೆ ಹೊರಗೆ ಹೋಗುವುದು ಹೇಗಪ್ಪ ಎಂದು ಕೇಳುತ್ತಿದ್ದೆ.

ಸಂಜೆ ಓಡಿಬಂದೆ. ಅಮ್ಮ ಕ್ಷೇಮ, ಮನೆ ಕ್ಷೇಮ. ಕಿಟಕಿ ತೆಗೆದೆ. ಆ ಕಡೆ ಶ್ರೀಮತಿ ಕೊತ್ತೊ ಪಾತ್ರೆ ತೊಳೆಯುತ್ತಿದ್ದರು. ಸಭಿಕರೇ, ನಿಮ್ಮಲ್ಲಿ ಯಾರಾದರೂ ನನ್ನ ಜಾಗದಲ್ಲಿದ್ದರೆ ಏನು ಹೇಳುತ್ತಿದ್ದಿರಿ? ನಾನು ಕೇಳಿದ್ದು ಇದು: “ಅಷ್ಟು ಜನರ ಭಾರ ಬಾಲ್ಕನಿ ತಡೆಯಿತೇ? ಅದನ್ನು ಗೋಡೆಗೆ ಹಿಡಿದಿರುವ ಕೊಕ್ಕೆಗಳು ಅಲುಗಾಡಲಿಲ್ಲವೇ?”

ಅವರು ಒದ್ದೆ ಕೈ ಒರೆಸಿಕೊಂಡು ಕಿಟಕಿಗೆ ಬಂದರು. “ಕೊಕ್ಕೆ ಚೆನ್ನಾಗಿದಾವೆ ಸಾಹೇಬ್ರೇ. ನಾನು ಹೇಗಿದೀನಿ ಅಂತ ಕೇಳಲ್ವಾ?”

ನಾನು ಕೇಳಿದೆ. ತಡವಾಗಿ ಕೇಳಿದೆ, ಆದರೆ ಕೇಳಿದೆ. ಅವರು ಆ ದಿನದ ಹೆದರಿಕೆಯನ್ನೆಲ್ಲ ಹೇಳಿದರು, ಹೇಳುತ್ತ ಅತ್ತರು. ಎರಡು ಕಿಟಕಿಗಳ ನಡುವೆ ಎರಡೇ ಹೆಜ್ಜೆ. ದಾಟಿ ಹೋಗಬೇಕು ಅನ್ನಿಸಿತು. ಬೆಂಕಿ ಆರಿದೆ, ತುರ್ತು ಮುಗಿದಿದೆ, ಇನ್ನು ಅದರ ಮೇಲೆ ಕಾಲಿಡುವ ಹಾಗಿಲ್ಲ ಎಂದು ನಿಂತಲ್ಲೇ ನಿಂತೆ. ಇಂಥ ಮೂರ್ಖತನ ಮಾಡಬೇಕಾದರೆ ಇಲಾಖೆಯಲ್ಲಿ ಬಹಳ ವರ್ಷ ತರಬೇತಿ ಆಗಿರಬೇಕು.

ಹೀಗಾಗಿ, ಮಹನೀಯರೇ, ಈ ಸಭಾಂಗಣದಲ್ಲಿ ಕೂತಿರುವ ಹಿರಿಯರೆಲ್ಲ ಆ ಅಡುಗೆಮನೆಯನ್ನು ಒಳಗಿನಿಂದ ನೋಡಿದ್ದೀರಿ. ನಾನು ನೋಡಿಲ್ಲ. ಅದರ ಗೋಡೆ ಹಳದಿ, ಒಲೆಯ ಮೇಲೆ ಸಂತರ ಚಿತ್ರ, ಅಷ್ಟು ನನಗೆ ಗೊತ್ತು. ಅದು ನನ್ನ ಕಿಟಕಿಯಿಂದ ಕತ್ತು ಚಾಚಿದರೆ ಕಾಣುವಷ್ಟು. ಆ ಕಡೆ ಏನಿದೆಯೋ ಗೊತ್ತಿಲ್ಲ. ಬೀದಿಯ ಬಾಗಿಲಿನಿಂದ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಒಮ್ಮೆ ಒಳ್ಳೆಯ ಕೋಟು ಹಾಕಿಕೊಂಡು ಹೊರಟೆ. ಐದು ಮಹಡಿ ಇಳಿದು, ಬೀದಿಗೆ ಬಂದು, ಅವರ ಗಂಟೆಯ ಗುಂಡಿಯ ಮುಂದೆ ನಿಂತೆ. ಕಿಟಕಿಯಲ್ಲಿ ದಿನಾ ನೋಡುವವರ ಮನೆಗೆ ಗಂಟೆ ಒತ್ತಿ ಏನೆಂದು ಹೇಳಲಿ? ತಪಾಸಣೆಗೆ ಬಂದಿದ್ದೇನೆ ಎನ್ನಲೇ? ವಾಪಸು ಬಂದೆ.

ಅಮ್ಮ ತೀರಿಕೊಂಡರು. ಅವರ ಸಬ್ಬಸಿಗೆ ಕುಂಡ ಬಾಲ್ಕನಿಯಲ್ಲೇ ಉಳಿದಿತ್ತು. ಫಲಕದಲ್ಲಿ ಬರೆದಿರುವುದನ್ನು ನಾನು ಯಾರಿಗೂ ಬಿಟ್ಟವನಲ್ಲ, ಅಮ್ಮನಿಗೂ ಬಿಟ್ಟಿರಲಿಲ್ಲ. ಕುಂಡ ತೆಗೆಯಬೇಕು. ತೆಗೆಯಲು ಕೈ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಕುಂಡ ಇಲ್ಲ. ಶ್ರೀಮತಿ ಕೊತ್ತೊ ಅದನ್ನು ತಮ್ಮ ಕಿಟಕಿಯ ಒಳಗಡೆ, ಬಿಸಿಲು ಬೀಳುವ ಕಡೆ ಇಟ್ಟುಕೊಂಡಿದ್ದರು. “ಒಳಗಿದ್ರೆ ತಪ್ಪಿಲ್ಲ ತಾನೆ?” ಎಂದರು. “ತಪ್ಪಿಲ್ಲ,” ಎಂದೆ. ಆ ಗಿಡದ ಬೀಜ, ಅದರ ಬೀಜ, ಅದರ ಬೀಜ ಹೀಗೆ ಇವತ್ತಿಗೂ ಅಲ್ಲಿ ಸಬ್ಬಸಿಗೆ ಇದೆ. ಪೋರ್ಟೊರಿಕೊದ ಅಡುಗೆಗೆ ಅದು ಯಾವುದಕ್ಕೂ ಬೇಕಾಗುವುದಿಲ್ಲ.

ಅಂದಿನಿಂದ ಸಂಜೆ ಕಾಫಿ. ಅವರು ಮಾಡುತ್ತಾರೆ. ಕಪ್ಪನ್ನು ಬಾಲ್ಕನಿಯ ಮೇಲೆ ಇಡುವ ಹಾಗಿಲ್ಲ. ಅದಕ್ಕೆ ಅವರು ತಮ್ಮ ಕಿಟಕಿಯಿಂದ ಕೈ ಚಾಚುತ್ತಾರೆ, ನಾನು ನನ್ನ ಕಿಟಕಿಯಿಂದ ಚಾಚುತ್ತೇನೆ. ಕೈಯಲ್ಲಿ ಹಿಡಿದ ವಸ್ತು ಇಟ್ಟ ವಸ್ತುವಾಗುವುದಿಲ್ಲ. ಕಾಫಿ ಮುಗಿದ ಮೇಲೆ ಕಪ್ಪು ಅದೇ ದಾರಿಯಲ್ಲಿ ವಾಪಸು. ಮಳೆ ಬಂದರೂ, ಹಿಮ ಬಿದ್ದರೂ. ಒಮ್ಮೊಮ್ಮೆ ಬೆರಳು ತಗಲುತ್ತಿತ್ತು. ಕೆಳಗಿನ ಅಂಗಳದಿಂದ ನೀವೆಲ್ಲ ಇದನ್ನು ನೋಡುತ್ತಿದ್ದಿರಿ ಎಂದು ಈಗ ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತಿದೆ.

ಈ ವರ್ಷ ಇಂಜಿನಿಯರುಗಳು ಬಂದು ಕಬ್ಬಿಣವನ್ನು ಬಡಿದು ನೋಡಿದರು. ಒಳಗೆ ತುಕ್ಕು ತಿಂದಿದೆ ಎಂದು ಬರೆದರು. ಕಟ್ಟಡದ ಒಳಗಡೆಯೇ ಹೊಸ ಮೆಟ್ಟಿಲು ಆಗಿದೆ, ಚಾವಣಿಯಲ್ಲಿ ನೀರು ಚಿಮ್ಮುವ ಕೊಳವೆ ಬಂದಿದೆ. ಬಾಲ್ಕನಿ ಇನ್ನು ಬೇಡ. ಸಂಘದ ಸಭೆಯಲ್ಲಿ ಅದನ್ನು ತೆಗೆಯುವ ಠರಾವಿಗೆ ಮೊದಲು ಕೈ ಎತ್ತಿದವನು ನಾನು. ನಿಯಮದ ಪ್ರಕಾರ ಅದು ಸರಿ, ಇವತ್ತೂ ಸರಿ. ಹೊಸ ಕಟ್ಟಡಗಳಿಗೆ ಇಂಥ ಕಬ್ಬಿಣ ಹಾಕುವುದನ್ನು ನಗರ ಎಂದೋ ನಿಲ್ಲಿಸಿದೆ. ತುಕ್ಕು ಹಿಡಿದ ದಾರಿ, ದಾರಿ ಇಲ್ಲದ್ದಕ್ಕಿಂತ ಅಪಾಯ.

ಆ ಸಂಜೆ ಕಾಫಿ ಬಂತು. ಕಪ್ಪು ನನ್ನ ಕೈಗೆ ಬಂದರೂ ಅವರು ಬಿಡಲಿಲ್ಲ. ಹಿಡಿದೇ ಇದ್ದರು.

“ಕೈ ಎತ್ತಿದ್ರಂತೆ,” ಎಂದರು.

“ನಿಯಮ ಹಾಗಿದೆ,” ಎಂದೆ.

“ನಿಯಮ ಇರಲಿ ಸಾಹೇಬ್ರೇ. ಇಷ್ಟು ವರ್ಷ ಆಯ್ತು. ಅದನ್ನ ಬಿಚ್ಚೋ ಮುಂಚೆ ಒಂದು ಸಲನಾದ್ರೂ ದಾಟಿ ಬರ್ತೀರೋ ಇಲ್ವೋ?”

ನಾನು ಏನು ಹೇಳಿದೆ? “ತುರ್ತು ಪರಿಸ್ಥಿತಿ ಇಲ್ಲದೆ ಅದನ್ನು ಬಳಸುವ ಹಾಗಿಲ್ಲ,” ಎಂದೆ.

ಅವರು ಕಪ್ಪು ಬಿಟ್ಟರು. “ಹಾಗಾದ್ರೆ ಕುಡೀರಿ,” ಎಂದರು. ಕಿಟಕಿ ಹಾಕಿಕೊಂಡರು. ಅದು ಹೋದ ವಾರದ ಮಾತು. ಆಮೇಲೆ ಕಾಫಿ ಬಂದಿಲ್ಲ. ಆ ಕಪ್ಪು ಇನ್ನೂ ನನ್ನ ಮನೆಯಲ್ಲೇ ಇದೆ, ತೊಳೆದಿಟ್ಟಿದ್ದೇನೆ.

ಈ ವಾರವೆಲ್ಲ ನಾನು ಬಾಲ್ಕನಿಯ ಬಗ್ಗೆ ಒಂದು ಒಳ್ಳೆಯ ಭಾಷಣ ಬರೆಯಲು ಕೂತೆ. ಹಳೆಯ ಕಾನೂನಿನ ಪುಸ್ತಕಗಳನ್ನೆಲ್ಲ ಇಳಿಸಿದೆ. ಮರ, ಇಟ್ಟಿಗೆ, ಕಬ್ಬಿಣ. ಸತ್ತವರ ಸಂಖ್ಯೆ, ಬಂದ ಕಾನೂನಿನ ಸಂಖ್ಯೆ. ಓದುತ್ತ ಓದುತ್ತ ನನಗೆ ಒಂದು ವಿಷಯ ಹೊಳೆಯಿತು, ಅದನ್ನು ನಾನು ಕೆಲಸದಲ್ಲಿದ್ದಾಗಲೇ ತಿಳಿಯಬೇಕಾಗಿತ್ತು. ಆ ಕಾನೂನುಗಳಲ್ಲಿ ಒಂದೊಂದೂ ತಡವಾಗಿ ಬಂದದ್ದು. ಒಂದೊಂದನ್ನೂ ಬರೆದವರು ಕೈ ಕೈ ಹಿಸುಕಿಕೊಂಡು, ಇದನ್ನು ಮುಂಚೆಯೇ ಮಾಡಬೇಕಾಗಿತ್ತು ಎಂದುಕೊಂಡೇ ಬರೆದವರು. ಸುಟ್ಟ ಮೇಲೆ ಬರೆದದ್ದೇ ಎಲ್ಲ. ಇದನ್ನೆಲ್ಲ ಅಷ್ಟು ವರ್ಷ ಬಾಯಿಪಾಠ ಮಾಡಿದ ನಾನು ನನ್ನ ಬಾಳಿನಲ್ಲಿ ಮಾಡಿದ್ದಾದರೂ ಏನು? ಕಣ್ಣ ಮುಂದೆ ದಾರಿ ಇತ್ತು, ಗಟ್ಟಿಯಾಗಿತ್ತು, ಎರಡೇ ಹೆಜ್ಜೆ. ಬೆಂಕಿಗಾಗಿ ಕಾಯುತ್ತ ಕೂತೆ.

ಮಾನ್ಯ ಕ್ಯಾಪ್ಟನ್ ಅವರೇ, ನಿಮ್ಮನ್ನು ಇಲ್ಲಿ ಎಲ್ಲರ ಮುಂದೆ ಕೇಳುತ್ತೇನೆ. ನಾಳೆ ಬೆಳಿಗ್ಗೆ ಕತ್ತರಿಸುವ ಯಂತ್ರ ಬರುತ್ತದೆ. ಆಮೇಲೆ ನನ್ನ ಕಿಟಕಿಯ ಹೊರಗೆ ಬರಿ ಗಾಳಿ. ಇದು ತುರ್ತು ಪರಿಸ್ಥಿತಿ ಹೌದೋ ಅಲ್ಲವೋ? ಕೊಕ್ಕೆಗಳು ಇನ್ನೊಂದು ಸಲಕ್ಕೆ, ಒಬ್ಬ ಮುದುಕನ ಭಾರಕ್ಕೆ, ಎರಡು ಹೆಜ್ಜೆಗೆ ತಡೆಯುತ್ತವೆಯೋ ಇಲ್ಲವೋ?

ಕ್ಯಾಪ್ಟನ್ ತಲೆ ಆಡಿಸುತ್ತಿದ್ದಾರೆ. ಹೌದು ಎಂದು ಆಡಿಸಿದ್ದಾರೆ ಎಂದು ನಡಾವಳಿಯಲ್ಲಿ ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳನ್ನು ಕೋರುತ್ತೇನೆ.

ಹಾಗಾದರೆ ಹೇಳಿಬಿಡುತ್ತೇನೆ. ಮಿಗ್ದಾಲಿಯಾ ಅವರೇ, ನನಗೆ ನಿಮ್ಮ ಮೇಲೆ ಪ್ರೀತಿ. ಆ ಸೊಪ್ಪಿನ ಡಬ್ಬದ ದಿನದಿಂದ ಇದೆ. ಅಮ್ಮನಿಗೆ ಗೊತ್ತಿತ್ತು. ಅಂಗಳದವರಿಗೆಲ್ಲ ಗೊತ್ತಿತ್ತು ಎಂದು ಈಗ ತಿಳಿಯುತ್ತಿದೆ. ನಾನು ಇವತ್ತು ಮನೆಗೆ ಹೋಗಿ, ಕಪ್ಪು ತೆಗೆದುಕೊಂಡು, ಕಿಟಕಿಯಿಂದ ಇಳಿದು ನಿಮ್ಮ ಕಿಟಕಿಗೆ ಬರುತ್ತೇನೆ. ಆ ಕಿಟಕಿಗೆ ಬೀಗ ಹಾಕುವ ಹಾಗಿಲ್ಲ ಎಂಬ ನಿಯಮವೂ ಇದೆ, ಆದರೆ ಅದನ್ನು ಇವತ್ತು ನಾನು ಮುಂದಿಡುವುದಿಲ್ಲ. ತೆಗೆಯುವುದು ಬಿಡುವುದು ನಿಮ್ಮ ಇಷ್ಟ. ತೆಗೆಯದಿದ್ದರೆ ಕಪ್ಪನ್ನು ಬಾಲ್ಕನಿಯ ಮೇಲೆ ಇಟ್ಟು ವಾಪಸು ಹೋಗುತ್ತೇನೆ. ಹತ್ತು ಡಾಲರ್ ದಂಡ ಕಟ್ಟುತ್ತೇನೆ.

ಇನ್ನು ವಂದನಾರ್ಪಣೆ.

ಸಭಿಕರೇ, ದಯವಿಟ್ಟು ಮುಂದೆ ನೋಡಿ. ಶ್ರೀಮತಿ ಕೊತ್ತೊ ಎದ್ದಿದ್ದಾರೆ. ಕೋಟು ತೆಗೆದುಕೊಂಡರು. ಕೋಪ ಬಂದು ಎದ್ದರೋ ಏನೋ ನನಗೆ ಇಲ್ಲಿಂದ ಕಾಣುತ್ತಿಲ್ಲ, ಮೈಕಿನ ಮುಂದೆ ಕನ್ನಡಕ ಹಾಕಿಕೊಂಡರೆ ಚೆನ್ನಾಗಿ ಕಾಣುವುದಿಲ್ಲ ಎಂದು ಬಿಟ್ಟು ಬಂದಿದ್ದೇನೆ. ಸಾಲಿನಿಂದ ಹೊರಗೆ ಬಂದರು. ಬಾಗಿಲಿನ ಹತ್ತಿರ ಹೋದರು. ಕೈಯಲ್ಲಿ ಏನೋ ಇದೆ. ಅಧ್ಯಕ್ಷರೇ, ನಿಮ್ಮ ಕಣ್ಣು ಚೆನ್ನಾಗಿದೆ, ಅವರ ಕೈಯಲ್ಲಿ ಏನು?

ಮನೆಯ ಬೀಗದ ಕೈ ಎನ್ನುತ್ತಿದ್ದಾರೆ ಅಧ್ಯಕ್ಷರು.

ಅಡ್ಡಪಟ್ಟಿ ತಳ್ಳಿದರು. ಬಾಗಿಲು ತೆರೆಯಿತು. ಆ ಹುಡುಗಿಯರಿಗೆ ಮತ್ತೊಮ್ಮೆ ನನ್ನ ವಂದನೆ.

ಮಹನೀಯರೇ, ಹದಿನಾಲ್ಕನೇ ನಂಬರು ಇಲ್ಲಿಂದ ಅರ್ಧ ಬೀದಿ ದೂರ. ಅಲ್ಲಿ ಐದು ಮಹಡಿ ಹತ್ತಬೇಕು. ಶ್ರೀಮತಿ ಕೊತ್ತೊ ಅವರಿಗೆ ಎಡಗಾಲಿನ ಮಂಡಿನೋವು, ಮೂರನೇ ಮಹಡಿಯಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾರೆ. ನಾನು ಅವರಿಗಿಂತ ಮೊದಲು ಕಿಟಕಿಗೆ ಹೋಗಿ ನಿಲ್ಲುವುದು ಸರಿಯಲ್ಲ. ಆದ್ದರಿಂದ ಈ ವಂದನಾರ್ಪಣೆ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಬೇಕು.

ಚಿಕ್ಕದಾಗಿ ಮುಗಿಸಿ ಎಂದು ಹೇಳಿಯೂ ನನ್ನನ್ನು ನಿಲ್ಲಿಸದ ಅಧ್ಯಕ್ಷರಿಗೆ ವಂದನೆಗಳು. ತಲೆ ಆಡಿಸಿದ ಮುಖ್ಯ ಅತಿಥಿಗಳಿಗೆ ವಂದನೆಗಳು. ಕಾಸು ಉಳಿಸಲು ಹೋಗಿ ಎರಡು ಮನೆಗೆ ಒಂದೇ ಬಾಲ್ಕನಿ ಹಾಕಿಸಿದ ಆ ಜಿಪುಣನಿಗೆ ವಂದನೆಗಳು, ಅವನ ಆತ್ಮಕ್ಕೆ ಶಾಂತಿ ಸಿಗಲಿ. ಕೊಳವೆ ಬಡಿದವರಿಗೆ ವಂದನೆಗಳು. ಈಗ ಶ್ರೀಮತಿ ಕೊತ್ತೊ ಬೀದಿ ದಾಟಿರಬೇಕು. ಈ ಸಭಾಂಗಣವನ್ನು ಬಾಡಿಗೆ ಕೇಳದೆ ಕೊಟ್ಟ ಚರ್ಚಿಗೆ, ಮೈಕಿನವರಿಗೆ, ಕುರ್ಚಿ ಹಾಕಿದವರಿಗೆ, ತಿಂಡಿಯ ಮೇಲಿನ ಬಟ್ಟೆಯನ್ನು ಇನ್ನೂ ತೆಗೆಯದೆ ಕಾದಿರುವ ಅಡುಗೆಯವರಿಗೆ ವಂದನೆಗಳು. ಎರಡನೇ ಮಹಡಿ. ತಲೆಮಾರುಗಳ ಹೆಜ್ಜೆ ಹೊತ್ತು, ಮಕ್ಕಳನ್ನು ಮಲಗಿಸಿ, ನಮ್ಮ ಅಮ್ಮನನ್ನು ಒಂದು ದಿನ ಹೊಗೆಯಿಂದ ದಾಟಿಸಿದ ಆ ಹಳೆಯ ಕಬ್ಬಿಣಕ್ಕೆ ವಂದನೆಗಳು. ಅದಕ್ಕೆ ಇನ್ನೊಂದೇ ಕೆಲಸ ಬಾಕಿ ಇದೆ. ಮೂರನೇ ಮಹಡಿ. ಅಲ್ಲಿ ಸ್ವಲ್ಪ ನಿಲ್ಲುತ್ತಾರೆ, ನಾವೂ ನಿಲ್ಲೋಣ.

ಸಾಕು, ಇನ್ನು ನಾನೂ ಹೊರಡಬೇಕು. ನನಗೂ ಐದು ಮಹಡಿ ಇದೆ, ಮಂಡಿ ನನ್ನದೂ ಹೊಸದೇನಲ್ಲ. ತಿಂಡಿಯಲ್ಲಿ ನನ್ನ ಪಾಲನ್ನು ಯಾರಾದರೂ ತಿನ್ನಿ. ನನಗೆ ಬೇರೆ ಕಡೆ ಕಾಫಿ ಇದೆ ಎಂದು ಭಾವಿಸುತ್ತೇನೆ.

ಎಲ್ಲರಿಗೂ ನಮಸ್ಕಾರ.